ಸುನಂದ, ವಯಸ್ಸು ಹತ್ತೊಂಬತ್ತು

ಬಿತ್ತು, ಈಗ ಬಿತ್ತು ಅಂದುಕೊಳ್ಳುತ್ತೇನೆ, ಬೀಳುವುದಿಲ್ಲ, ಮುಂದಿನ ಸೀಟಿನವಳ ಜಡೆಯಿಂದ ಕನಕಾಂಬರದ ದಂಡೆ ಜಾರಿ ಒಂದೇ ಒಂದು ಪಿನ್ನಿನಲ್ಲಿ ನೇತಾಡುತ್ತಿದೆ, ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಸೀಟಿನ ಕಂಬಿಗೆ ಬಡಿದು ವಾಪಸು ಹೋಗುತ್ತಿದೆ, ಹೇಳಲೋ ಬೇಡವೋ, ಹೇಳಿದರೆ ತಿರುಗಿ ಕೂರುತ್ತಾಳೆ, ಯಾವೂರಮ್ಮ, ಎಲ್ಲಿಗೆ, ಮಕ್ಕಳೆಷ್ಟು, ಮಗಳು ಏನು ಓದ್ತವ್ಳೆ, ಯಾವ ಮಾತು ಎಲ್ಲಿ ಶುರುವಾದರೂ ಅಲ್ಲಿಗೇ ಬಂದು ನಿಲ್ಲುತ್ತದೆ, ಬೇಡ, ಬಿದ್ದರೆ ಬೀಳಲಿ, ಅವಳ ಹೂವು ಅವಳ ತಲೆ. ನನ್ನ ಜಡೆ ಮಾತ್ರ ಇವತ್ತು ಮಿಸುಕುವುದಿಲ್ಲ, ರಮ್ಯ ಹಾಕಿದ್ದು, ಕೂತ್ಕೊ ಅಮ್ಮ ತಲೆ ಬಾಚ್ತೀನಿ ಅಂತ ಬೆಳಿಗ್ಗೆ ತಾನಾಗೇ ಬಂದಳಲ್ಲ ನನ್ನ ಮಗಳು, ನಾಲ್ಕು ತಿಂಗಳಿಂದ ತನ್ನ ತಲೆಗೇ ಬಾಚಣಿಗೆ ತಾಗಿಸದವಳು, ಗೋಡೆ ಕಡೆ ಮುಖ ಮಾಡಿ ಮಲಗಿದರೆ ಮಧ್ಯಾಹ್ನವಾದರೂ ಏಳದವಳು, ಹುಣಸೂರಿನ ಕಾಲೇಜಿಗೆ ಹೋಗಲ್ಲ ಅಂದರೆ ಹೋಗಲ್ಲ ಅಂದವಳು, ಇವತ್ತು ಎದ್ದು ಸ್ನಾನ ಮಾಡಿ ಎರಡು ದೋಸೆ ತಿಂದಳು, ಎರಡು, ನಾನು ಎಣಿಸಿದೆ, ಎಣಿಸಬಾರದು, ತಾಯಿ ದೃಷ್ಟಿಯೇ ಮೊದಲು ತಾಗುತ್ತೆ ಅನ್ನುತ್ತಾರೆ, ಆದರೂ ಎಣಿಸಿದೆ — ನಕ್ಕಳು ಕೂಡ, ಬೆಕ್ಕು ಹಿಟ್ಟಿನ ಪಾತ್ರೆಗೆ ಮೂತಿ ಹಾಕಿ ಸೀನಿದ್ದಕ್ಕೆ. ನೀನು ಹೋಗಿ ಬಾ ಅಮ್ಮ, ಬಾಣಂತಿ ನೋಡ್ಕೊಂಡು ರಾತ್ರಿ ಅಲ್ಲೇ ಇದ್ದು ಬಾ, ನಾನು ಚೆನ್ನಾಗಿದೀನಿ. ಬಾಣಂತಿ ಅಂದರೆ ನನ್ನ ಅಣ್ಣ ಚೆಲುವರಾಜುವಿನ ಮಗಳು, ಕೆ.ಆರ್.ನಗರದ ನನ್ನ ತವರುಮನೆಯಲ್ಲಿ ಹೆತ್ತು ಹನ್ನೆರಡು ದಿನ, ಇನ್ನೂ ಹೋಗಿ ನೋಡಿಲ್ಲ ಅಂದರೆ ಅತ್ತಿಗೆ ಹೇಳಿಕೊಂಡು ತಿರುಗುತ್ತಾಳೆ. ಹೊರಡುವಾಗ ರಮ್ಯ ತನ್ನ ವಾಚು ಬಿಚ್ಚಿ ನನ್ನ ಕೈಗೆ ಕಟ್ಟಿದಳು, ನೀನೇ ಇಟ್ಕೋ ಅಮ್ಮ, ನಿಂಗೇ ಚೆನ್ನಾಗಿ ಕಾಣುತ್ತೆ, ಬಣ್ಣದ ಪೆನ್ನುಗಳ ಡಬ್ಬ ನೆನ್ನೆಯೇ ಪಕ್ಕದ ಮನೆ ಬೀರಮ್ಮನ ಮೊಮ್ಮಗಳಿಗೆ ಕೊಟ್ಟಳಂತೆ, ನಿನ್ ಮಗಳ್ದು ದೊಡ್ ಮನಸು ಕಣೇ ಅಂತ ಬೀರಮ್ಮ ಬೇಲಿ ಹತ್ತಿರ ನಿಂತು ಹೇಳಿದಳು, ನನಗೂ ಹೆಮ್ಮೆಯೇ ಆಯಿತು.

ಫೋನು ಹೊಡೆದುಕೊಳ್ಳುತ್ತಿದೆ, ನನ್ನದಾ ಬೇರೆಯವರದ್ದಾ, ನನ್ನದೇ, ಚೀಲದ ತಳದಲ್ಲಿ, ಹರಳೆಣ್ಣೆ ಬಾಟಲಿ, ಬೆಳ್ಳುಳ್ಳಿ, ಮಗುವಿಗೆ ತಂದ ಕುಲಾವಿ ಎಲ್ಲದರ ಅಡಿಯಲ್ಲಿ, ಹಾಳಾದ್ದು ಯಾವಾಗಲೂ ತಳಕ್ಕೇ ಹೋಗಿ ಕೂರುತ್ತೆ, ತೆಗೆದು ನೋಡಿದರೆ ಹುಣಸೂರು ಟೈಲರ್. ಟೈಲರ್ ಅಲ್ಲ ಅದು, ನಾನು ಹಾಗೆ ಹಾಕಿಸಿಟ್ಟಿದ್ದೇನೆ, ಶಶಿ ಮೇಡಂ, ಮನಸ್ಸಿಗೆ ಹುಷಾರಿಲ್ಲದವರನ್ನು ಕೂರಿಸಿಕೊಂಡು ಮಾತಾಡಿಸುವವರು, ಕಾಲೇಜಿನ ಲೆಕ್ಚರರಮ್ಮನೇ ಅವರ ವಿಳಾಸ ಬರೆದುಕೊಟ್ಟಿದ್ದು, ಮಹಡಿ ಮೇಲೆ ಅವರ ರೂಮು, ಪಕ್ಕದ ರೂಮು ಟೈಲರಿನದು, ಅದನ್ನು ನೋಡಿದ ಕೂಡಲೇ ನನ್ನ ಜೀವಕ್ಕೆ ಎಷ್ಟು ಸಮಾಧಾನವಾಯಿತು ಅಂದರೆ ದೇವರೇ ದಾರಿ ತೋರಿಸಿದ ಅಂದುಕೊಂಡೆ. ಪ್ರತಿ ವಾರ ಕೈಯಲ್ಲಿ ರವಿಕೆ ಕಣ, ಕಂಡವರು ಕೇಳಿದರೆ ರವಿಕೆ ಹೊಲ್ಯಾಕ್ ಕೊಡ್ಬೇಕಿತ್ತು ಕಣಕ್ಕ, ಮಗಳನ್ನು ಒಳಗೆ ಬಿಟ್ಟು ನಾನು ಟೈಲರ್ ಬೆಂಚಿನ ಮೇಲೆ ಕೂರುತ್ತಿದ್ದೆ, ನಾಲ್ಕು ತಿಂಗಳಲ್ಲಿ ಒಂಬತ್ತು ರವಿಕೆಯಾದವು, ತೊಡಲು ಇರುವುದು ಒಂದೇ ಮೈ. ನನ್ನ ಗಂಡ ಚಿಕ್ಕಣ್ಣನೂ ಆ ರೂಮಿನ ಹೆಸರು ಎತ್ತುವುದಿಲ್ಲ, ಇವತ್ತು ಟೈಲರ್ ತಾವ್ಕೆ ಓಯ್ತೀರಾ ಅನ್ನುತ್ತಾನೆ, ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ನಾವಿಬ್ಬರೂ. ಮೂರು ವಾರದಿಂದ ಹೋಗಿಲ್ಲ, ಹೊಗೆಸೊಪ್ಪು ಬೇಯಿಸುವ ಕಾಲ, ಬೇಯಿಸುವ ಬ್ಯಾರನ್ ಗೂಡಿನಿಂದ ಇಳಿಸಿದ ಸೊಪ್ಪು ಮನೆ ತುಂಬ, ಎಲೆ ಎಲೆ ಬಣ್ಣ ನೋಡಿ ಬೇರೆ ಮಾಡಬೇಕು, ಈ ಕೈಗೆ ಕತ್ತಲಲ್ಲೂ ಗೊತ್ತಾಗುತ್ತದೆ ಯಾವ ಎಲೆ ಮೊದಲ ದರ್ಜೆ ಯಾವುದು ಎರಡನೆಯದು, ರಮ್ಯಳೇ ಬೇರೆ ಈಗ ಬೇಡ ಅಮ್ಮ, ನಂಗೇನಾಗಿದೆ ಅಂದಳು, ನನಗೂ ಅದೇ ಬೇಕಿತ್ತು. ಮೇಡಂ ಎರಡು ಸಲ ಫೋನ್ ಮಾಡಿದ್ದರು, ಒಂದು ಸಲ ಸೊಪ್ಪು ಬಿಡಿಸಲು ಬಂದ ಪುಟ್ಟಸಿದ್ದಮ್ಮ ಪಕ್ಕದಲ್ಲಿದ್ದಳು, ಇನ್ನೊಂದು ಸಲ ಮನೆ ತುಂಬ ನೆಂಟರು, ಎರಡು ಸಲವೂ ಕಟ್ ಮಾಡಿದೆ, ಯಾರೇ ಫೋನಲ್ಲಿ ಅಂದದ್ದಕ್ಕೆ ಟೈಲರು ಅಂದೆ. ಈ ಬಸ್ಸಿನಲ್ಲಿ ನನ್ನ ಗುರುತಿನವರು ಯಾರೂ ಇಲ್ಲ, ಎತ್ತಿ ಒಂದೇ ಮಾತು ಹೇಳಿಬಿಡೋಣ, ವಾಸಿಯಾಯ್ತು ಮೇಡಂ, ಎರಡು ದೋಸೆ ತಿಂದಳು ಅಂತ. ಹಸಿರು ಬಟನ್ ಒತ್ತಿದೆ.

ಸುನಂದಾ? ಅಂದರು. ಹ್ಞೂ ಅಂದೆ. ಸುಳ್ಳಲ್ಲವಲ್ಲ, ನಾನು ಸುನಂದನೇ, ಊರಲ್ಲಿ ಸುನಂದಮ್ಮ, ವೋಟಿನ ಚೀಟಿಯಲ್ಲಿ ಸುನಂದ, ಆದರೆ ಅವರು ಕರೆದ ಸುನಂದ ನಾನಲ್ಲ, ಅವರ ಫೈಲಿನಲ್ಲಿ ಸುನಂದ ಅಂದರೆ ರಮ್ಯ. ನನ್ನ ಕೆಲಸವೇ ಇದು, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಮೊದಲ ದಿನ ಬಾಗಿಲ ಬಳಿಯ ಹುಡುಗಿ ರಿಜಿಸ್ಟರ್ ತೆರೆದು ಪೇಷೆಂಟ್ ಹೆಸರು ಅಂದಳು, ರಮ್ಯ ಬಾಯಿ ತೆರೆಯುವುದರೊಳಗೆ ನಾನೇ ಸುನಂದ ಅಂದುಬಿಟ್ಟೆ, ವಯಸ್ಸು ಅಂದಳು, ಹತ್ತೊಂಬತ್ತು ಅಂದೆ, ವಯಸ್ಸು ಮಗಳದು ಹೆಸರು ನನ್ನದು, ಫೋನ್ ನಂಬರೂ ನನ್ನದೇ, ರಮ್ಯ ನನ್ನ ಮುಖ ನೋಡಿದಳು, ನಾನು ಅವಳ ಮೊಣಕೈ ಹಿಂಡಿದೆ. ಮತ್ತೇನು ಮಾಡಬೇಕಿತ್ತು, ಕೋಟೆ ನಟರಾಜುವಿನ ಮಗಳ ಕಥೆ ಕಣ್ಣ ಮುಂದೆಯೇ ಇತ್ತು, ಎಚ್.ಡಿ.ಕೋಟೆಯ ನಟರಾಜು, ಚಿಕ್ಕಣ್ಣನ ದೊಡ್ಡಪ್ಪನ ಮಗ, ಅವನ ಮಗಳಿಗೆ ನಿದ್ದೆ ಬರುತ್ತಿಲ್ಲ ಅಂತ ಡಾಕ್ಟರಿಗೆ ತೋರಿಸಿದ್ದಷ್ಟೇ, ಆ ಚೀಟಿ ಗಂಡಿನ ಕಡೆಯ ಯಾರದೋ ಕೈಗೆ ಸಿಕ್ಕಿತು, ಹೆಸರು ಊರು ತಂದೆಯ ಹೆಸರು ಎಲ್ಲ ಸ್ಪಷ್ಟವಾಗಿತ್ತು, ವಾರದೊಳಗೆ ಸಂಬಂಧ ಮುರೀತು, ತಲೆ ಸರಿ ಇಲ್ಲದ ಹೆಣ್ಣು ಅಂದರು, ಗಡಿಗೆ ಬಾಯಿ ಮುಚ್ಚಬಹುದು ಊರ ಬಾಯಿ ಮುಚ್ಚೋಕಾಗುತ್ತಾ, ಇವತ್ತಿಗೂ ಆ ಹುಡುಗಿ ಮನೆಯಲ್ಲೇ ಇದೆ. ನನ್ನ ಹೆಸರಾದರೆ ಏನಂತೆ, ನಾನೇನು ಇನ್ನೊಮ್ಮೆ ಮದುವೆ ಆಗಬೇಕೇ, ಯಾರ ತಲೆ ಕೆಟ್ಟಿದೆ ಅಂದರೆ ನನ್ನದೇ ಕೆಟ್ಟಿದೆ ಅಂದುಕೊಳ್ಳಲಿ. ಒಳಗೆ ಸುನಂದ ಅಂತ ಕರೆದ್ರೆ ಹ್ಞೂ ಅನ್ನು ಕಣವ್ವ ಅಂತ ಹೇಳಿಕೊಟ್ಟೆ, ಹಾಗೇ ಮಾಡಿದಳು, ಒಂದು ದಿನ ವಾಪಸು ಬರುವಾಗ ಬಸ್ಸಿನಲ್ಲಿ, ಅಮ್ಮ, ಅಲ್ಲಿ ನಾನು ಏನು ಹೇಳಿದ್ರೂ ನನ್ನ ವಿಷಯ ಅನ್ಸಲ್ಲ ಅಮ್ಮ, ನಿನ್ನ ವಿಷಯ ಹೇಳ್ತಿರೋ ಹಾಗಿರುತ್ತೆ, ನನಗೆ ಒಂದು ಹೆಸರೂ ಇಲ್ಲ ಅಂದಳು, ಮೆಲ್ಲಗೆ ಮಾತಾಡು ಅಂದೆ. ಅಷ್ಟೇ ಅಂದದ್ದು ನಾನು, ಮೆಲ್ಲಗೆ ಮಾತಾಡು. ಈಗ ಫೋನಿನಲ್ಲಿ ಇವರಿಗೆ ನಾನು ಯಾರು ಅಂತ ಹೇಗೆ ಗೊತ್ತಾಗಬೇಕು, ತಾಯಿ ಮಗಳು ಇಬ್ಬರದೂ ಒಂದೇ ದನಿ, ಕಟ್ಟಿಕೊಂಡ ಗಂಡನೇ ಎಷ್ಟು ಸಲ ಫೋನ್ ಮಾಡಿ ನಿಮ್ಮವ್ವನ ಕರಿ ಅಂತ ನನಗೇ ಹೇಳಿಲ್ಲ.

ಮಾತಾಡಬಹುದಾ ಸುನಂದಾ, ಪಕ್ಕದಲ್ಲಿ ಯಾರಾದರೂ ಇದ್ದಾರಾ. ಇಲ್ಲ ಮೇಡಂ ಅಂದೆ, ಪಕ್ಕದಲ್ಲಿ ಒಬ್ಬ ತಾತ ಬಾಯಿ ತೆರೆದುಕೊಂಡು ನಿದ್ದೆ ಹೊಡೆಯುತ್ತಿದ್ದಾನೆ. ಬೇಜಾರಾಯ್ತು ಕಣೇ, ನೀನು ಬರಲೇ ಇಲ್ಲ, ನಿದ್ದೆ ಬರ್ತಿದೆಯಾ? ಈಗ ನಾನು ರಮ್ಯಳ ತಾಯಿ ಮೇಡಂ ಅನ್ನಬೇಕು, ಅಂದರೆ ಹೆಸರಿನ ಗುಟ್ಟು ಹೊರಬೀಳುತ್ತೆ, ಮಗಳ ನಿದ್ದೆಯ ವಿಷಯ ಹೇಳಬೇಕೋ ನನ್ನದೋ, ಇಲ್ಲ ಅಂದೆ, ಬರಲ್ಲ ಮೇಡಂ, ಮೂರು ಗಂಟೆಗೇ ಎಚ್ಚರ. ಊಟ ಸೇರುತ್ತಾ? ಕುಳಿತರೆ ಸೇರುತ್ತೆ, ಕೂರೋಕೇ ಆಗಲ್ಲ, ಇದು ಯಾರ ಉತ್ತರ, ನನ್ನದೇ, ಅವಳದ್ದಲ್ಲ, ಅವಳು ಎರಡು ದೋಸೆ ತಿಂದಳಲ್ಲ. ಎದೆ ಭಾರ ಅಂತಿದ್ದೆಯಲ್ಲ, ಅದು? ಇದೆ ಅಂದೆ, ಅಯ್ಯೋ ಇದೆಯಲ್ಲ, ಇಲ್ಲೇ ಇದೆ, ರವಿಕೆಯ ಒಳಗೆ, ಯಾರೂ ಕೇಳಿರಲಿಲ್ಲ ಅದನ್ನು, ಇಷ್ಟು ಮೆತ್ತಗೆ ಯಾರೂ ಕೇಳಿರಲಿಲ್ಲ, ಯಾವಾಗಿನಿಂದ ಸುನಂದಾ ಅಂದರು — ಹತ್ತೊಂಬತ್ತನೇ ವರ್ಷದಿಂದ. ಹತ್ತೊಂಬತ್ತನೇ ವರ್ಷದಲ್ಲಿ ನಾನು ಬಾಣಂತಿ, ಈಗ ಹೋಗುತ್ತಿರುವ ಇದೇ ತವರುಮನೆ, ಹಿಂದಿನ ಕೋಣೆ, ಕೆಂಡದ ಕುಂಡ, ಸಾಂಬ್ರಾಣಿ ಹೊಗೆ, ತಲೆಗೆ ಬಿಗಿದ ಬಟ್ಟೆ, ಪಕ್ಕದಲ್ಲಿ ರಮ್ಯ, ಇಷ್ಟುದ್ದ, ಕೆಂಪಗೆ, ಅಳುತ್ತಾ ಅಳುತ್ತಾ, ನನಗೆ ಅದು ನನ್ನ ಮಗು ಅನ್ನಿಸುತ್ತಲೇ ಇರಲಿಲ್ಲ, ಯಾರದೋ ಮಗುವನ್ನು ತಂದು ಮಲಗಿಸಿ ಹೋಗಿದ್ದಾರೆ, ಅವರು ಬಂದು ತೆಗೆದುಕೊಂಡು ಹೋಗಲಿ ಅಂತ ಬಾಗಿಲು ನೋಡುತ್ತಿದ್ದೆ. ನನ್ನವ್ವ ಸಾಕಮ್ಮ ಗಾಳಿ ಸೋಕ್ಯದೆ ಅಂದಳು, ಬೇವಿನ ಸೊಪ್ಪಲ್ಲಿ ನಿವಾಳಿಸಿದಳು, ತೋಳಿಗೆ ಯಂತ್ರ ಕಟ್ಟಿಸಿದಳು, ಅವಳಿಗೆ ತಿಳಿದದ್ದು ಅವಳು ಮಾಡಿದಳು, ಒಂದು ಮಧ್ಯಾಹ್ನ ಎಲ್ಲ ಗದ್ದೆಗೆ ಹೋಗಿದ್ದಾಗ ಮಗುವನ್ನು ಬಿಟ್ಟು ನಾಲೆಯ ಏರಿಯ ತನಕ ನಡೆದುಹೋದೆ, ನೀರು ತುಂಬಿ ಹರಿಯುತ್ತಿತ್ತು, ಎಷ್ಟು ಹೊತ್ತು ನಿಂತೆನೋ, ಹಾಲು ಕಟ್ಟಿ ಎದೆ ಸಿಡಿಯತೊಡಗಿತು, ಸೀರೆ ಒದ್ದೆಯಾಯಿತು, ಅದಕ್ಕೇ ವಾಪಸು ಬಂದೆ, ಬೇರೆ ಯಾವ ದೊಡ್ಡ ಕಾರಣವೂ ಇಲ್ಲ. ಎಲ್ಲಿಗೆ ಹೋಗಿದ್ದೆ ಅಂತ ಯಾರೂ ಕೇಳಲಿಲ್ಲ, ಚಿಕ್ಕಣ್ಣನಿಗೆ ಇವತ್ತಿಗೂ ಗೊತ್ತಿಲ್ಲ. ಸುನಂದಾ, ಕೇಳಿಸ್ತಿದೆಯಾ, ಏನಾಗುತ್ತೆ ಹೇಳು ಅಂದರು, ಮಗು ಅತ್ತರೆ ಓಡಿಹೋಗಬೇಕು ಅನ್ನಿಸುತ್ತೆ ಮೇಡಂ ಅಂದುಬಿಟ್ಟೆ. ಯಾವ ಮಗು ಸುನಂದಾ? ಮುಂದಿನ ಸೀಟಿನವಳು ತಿರುಗಿ ನೋಡಿದಳು, ನಾನು ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡೆ, ಕನಸು ಮೇಡಂ, ಕನಸಲ್ಲಿ ಅಂದೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನನ್ನನ್ನು ಯಾರು ಕೇಳಿದರು ಈಗ, ಮಗಳ ವಿಷಯ ಬಿಟ್ಟು ಯಾವ ಕಾಲದ ನಾಲೆ ನೀರೋ, ಕಟ್ ಮಾಡಿಬಿಡೋಣ, ಟವರ್ ಸಿಗಲಿಲ್ಲ ಅಂದರಾಯಿತು. ಆದರೆ ಅವರ ದನಿ ಬದಲಾಯಿತು, ನೋಡು ಸುನಂದಾ, ಸುತ್ತಿ ಬಳಸಿ ಕೇಳಲ್ಲ, ಹೋದ ಸಲ ನೀನು ಒಂದು ಮಾತು ಹೇಳಿದ್ದೆ, ಅಮ್ಮ ಊರಿಗೆ ಹೋಗಿ ಮನೇಲಿ ಯಾರೂ ಇಲ್ಲದ ದಿನ ಬಂದ್ರೆ ಎಲ್ಲ ಮುಗಿಸಿಬಿಡ್ತೀನಿ ಅಂತ, ಅಮ್ಮನ್ನ ಈಗಲೇ ಒಳಗೆ ಕರೆಯೋಣ ಅಂದೆ ನಾನು, ಬೇಡ, ಮುಂದಿನ ವಾರ ನಾನೇ ಕರ್ಕೊಂಡು ಬರ್ತೀನಿ ಅಂದೆ ನೀನು, ಅಂಥ ದಿನ ಬಂದ್ರೆ ಮೊದಲು ನಂಗೆ ಫೋನ್ ಮಾಡ್ತೀನಿ ಅಂತ ಮಾತು ಕೊಟ್ಟೆ, ಆಮೇಲೆ ಬರಲೇ ಇಲ್ಲ, ಆ ಮಾತು ಕೇಳಿ ನಿನ್ನನ್ನ ಹಾಗೇ ಕಳಿಸಬಾರದಿತ್ತು ನಾನು. ಅಮ್ಮ ಈಗ ಎಲ್ಲಿದ್ದಾರೆ ಸುನಂದಾ? ಅಮ್ಮ, ನನ್ನವ್ವ ಸಾಕಮ್ಮನೇ, ಅವಳು ತೀರಿಹೋಗಿ ಮೂರು ವರ್ಷವಾಯಿತು ಅನ್ನಲು ಬಾಯಿ ತೆರೆದೆ, ನಿಜವಾಗಿ ತೆರೆದೆ, ಆಮೇಲೆ ಗೊತ್ತಾಯಿತು, ಅಮ್ಮ ಅಂದರೆ ನಾನು. ಬಸ್ಸಲ್ಲಿ ಅಂದೆ. ಬಸ್ಸಲ್ಲಿ ಅಂದರೆ? ಅಮ್ಮ ಬಸ್ಸಲ್ಲವ್ಳೆ ಮೇಡಂ, ಕೆ.ಆರ್.ನಗರಕ್ಕೆ ಓಯ್ತಾವ್ಳೆ, ಮನೇಲಿ ಯಾರೂ ಇಲ್ಲ, ಅವರಪ್ಪ ಪಿರಿಯಾಪಟ್ಟಣದ ಹರಾಜಿಗೆ ಸೊಪ್ಪಿನ ಬೇಲು ಹಾಕ್ಕೊಂಡು ಓಗವ್ರೆ, ಸೊಪ್ಪು ಬಿಡಿಸೋರ್ಗೆಲ್ಲ ಇವತ್ತು ರಜ, ನಾನೇ ಕೊಟ್ಟೆ ರಜ, ಮೇಡಂ ನಾನು ಸುನಂದ ಅಲ್ಲ, ಸುನಂದನೇ, ಆದ್ರೆ ಆ ಸುನಂದ ಅಲ್ಲ, ನಿಮ್ಮ ತಾವ ಬತ್ತಿದ್ದೋಳು ನನ್ನ ಮಗಳು, ಅವಳ ಹೆಸರು — ನಾಲಿಗೆ ನಿಂತಿತು, ಈ ಹೆಸರನ್ನು ನಾಲ್ಕು ತಿಂಗಳು ನುಂಗಿದ ನಾಲಿಗೆ — ರಮ್ಯ. ನಾನು ಅವಳ ತಾಯಿ. ಬಯ್ಯುತ್ತಾರೆ ಅಂತ ಕಣ್ಣು ಮುಚ್ಚಿಕೊಂಡೆ, ಬಯ್ಯಲಿಲ್ಲ, ರಮ್ಯ ಒಬ್ಬಳೇ ಇದ್ದಾಳಾ, ಬೆಳಿಗ್ಗೆ ಹೇಗಿದ್ದಳು ಅಂದರು. ಗೆಲುವಾಗಿದ್ಲು ಮೇಡಂ, ಎದ್ದು ತಲೆ ಬಾಚಿದ್ಲು, ಎರಡು ದೋಸೆ ತಿಂದ್ಲು, ವಾಚು ನಂಗೇ ಕಟ್ಟಿದ್ಲು, ಪೆನ್ನಿನ ಡಬ್ಬ ಕೊಟ್ಬುಟ್ಲು, ಗೆಲುವಾಗಿದ್ರೆ ವಾಸಿ ಆದಂಗೇ ಅಲ್ವಾ ಮೇಡಂ? ಒಂದೊಂದು ಸಲ ಅಲ್ಲಮ್ಮ ಅಂದರು, ಒಂದೊಂದು ಸಲ ತೀರ್ಮಾನ ಮಾಡಿಕೊಂಡವರು ಹಾಗೆ ಹಗುರ ಆಗಿಬಿಡ್ತಾರೆ, ನೀವು ಫೋನಿಡಿ, ಅವಳಿಗೆ ಮಾಡಿ, ಎತ್ತಲಿಲ್ಲ ಅಂದ್ರೆ ತೀರಾ ಹತ್ತಿರ ಇರೋರಿಗೆ ಮಾಡಿ, ನಿಜ ಹೇಳಿ, ನಿಜ ಹೇಳಿದ್ರೆ ಮಾತ್ರ ಓಡ್ತಾರೆ, ನಾನೂ ಗಾಡಿ ಹತ್ತುತಿದೀನಿ.

ರಮ್ಯಳ ಫೋನು ಹೊಡೆಯುತ್ತದೆ, ಹೊಡೆಯುತ್ತದೆ, ಹೊಡೆದು ಹೊಡೆದು ನಿಲ್ಲುತ್ತದೆ, ಯಾರೋ ಹೆಂಗಸು ಇಂಗ್ಲಿಷಿನಲ್ಲಿ ಏನೋ ಹೇಳುತ್ತಾಳೆ, ಮತ್ತೆ ಮಾಡುತ್ತೇನೆ, ಸ್ನಾನಕ್ಕೆ ಹೋಗಿರಬಹುದು, ಬೆಳಿಗ್ಗೆಯೇ ಸ್ನಾನ ಆಯಿತಲ್ಲ, ಹಿತ್ತಲಲ್ಲಿ ಇರಬಹುದು, ಮಲಗಿರಬಹುದು, ಮಲಗಿರಲಿ ದೇವರೇ, ಬರೀ ಮಲಗಿರಲಿ. ನಿಲ್ಸಿ, ನಿಲ್ಸೀ ಅಂತ ಕೂಗುತ್ತಿರುವುದು ನಾನೇ, ಚೀಲ ಯಾರದೋ ಕಾಲಿಗೆ ಸಿಕ್ಕಿತು, ಕಂಡಕ್ಟರ್ ಇಲ್ಲಿ ಸ್ಟಾಪಿಲ್ಲ ಕಣಮ್ಮ ಅನ್ನುತ್ತಾನೆ, ನನ್ನ ಮಗಳು ಒಬ್ಳೇ ಅವ್ಳೆ ಕಣಪ್ಪ ನಿಲ್ಸು ಅನ್ನುತ್ತೇನೆ, ಇಡೀ ಬಸ್ಸು ನೋಡುತ್ತಿದೆ, ನೋಡಲಿ. ರಸ್ತೆ ಪಕ್ಕ ನಿಂತಿದ್ದೇನೆ, ಒಂದು ಕಡೆ ಭತ್ತ ಒಂದು ಕಡೆ ಕಬ್ಬು, ಯಾವ ಊರಿಗೆ ತಿರುಗುವ ಗೇಟೋ ಗೊತ್ತಿಲ್ಲ, ಚಿಕ್ಕಣ್ಣ ಹರಾಜಿನ ಗಲಾಟೆಯಲ್ಲಿ ಫೋನ್ ಎತ್ತುವವನಲ್ಲ, ಎತ್ತಿದರೂ ಪಿರಿಯಾಪಟ್ಟಣದಿಂದ ನಮ್ಮೂರಿಗೆ ಅರ್ಧ ಗಂಟೆ, ಇನ್ಯಾರು, ಹತ್ತಿರ ಇನ್ಯಾರು — ಬೀರಮ್ಮ. ಬೇಲಿಯ ಆಚೆ ಬೀರಮ್ಮ. ಅಯ್ಯೋ ಬೀರಮ್ಮನೇ, ಆ ಬಾಯಿ ಒಂದಕ್ಕೆ ಹೆದರಿ ಅಲ್ಲವೇ ಈ ಟೈಲರ್, ಈ ರವಿಕೆ, ಈ ಹೆಸರು, ಅವಳಿಗೆ ಹೇಳಿದರೆ ಸಾಯಂಕಾಲದೊಳಗೆ ಹಾಲಿನ ಡೇರಿ ಮುಂದೆ ಮಾತು, ನಾಳೆ ಹುಣಸೂರು, ನಾಡಿದ್ದು ಕೋಟೆ. ಅವಳ ಫೋನು ಹೊಡೆಯುತ್ತಿರುವಾಗಲೇ ನಾಲಿಗೆಗೆ ಸುಳ್ಳು ಬಂದು ಕೂತಿತು, ತಾನಾಗೇ, ಎಷ್ಟು ಪಳಗಿದೆ ನೋಡಿ ಈ ನಾಲಿಗೆ — ಬೀರಕ್ಕ, ಒಲೆ ಮ್ಯಾಲೆ ಹಾಲಿಟ್ಟು ಮರೆತು ಬಂದೆ, ವಸಿ ನೋಡಕ್ಕ. ಅಷ್ಟು ಹೇಳಿದರೆ ಅವಳು ಹೋಗುತ್ತಾಳೆ, ಖಂಡಿತ ಹೋಗುತ್ತಾಳೆ, ಆದರೆ ಅವಳ ನಡಿಗೆಯಲ್ಲಿ ಹೋಗುತ್ತಾಳೆ, ಎಲೆ ಅಡಿಕೆ ಹಾಕಿಕೊಂಡು, ದಾರಿಯಲ್ಲಿ ಕೋಳಿ ಓಡಿಸಿಕೊಂಡು, ಹಾಲು ಉಕ್ಕಿದರೆ ಯಾರಿಗೆ ನಷ್ಟ ಅಂದುಕೊಂಡು. ಏನೇ ಸುನಂದಾ, ತಲುಪ್ದ್ಯಾ, ಮಗ ಎಂಗದೆ ಅಂದಳು. ಬೀರಕ್ಕ, ನನ್ನ ಮಗಳಿಗೆ ಮನಸಿಗೆ ಉಸಾರಿಲ್ಲ ಕಣಕ್ಕ, ನಾಲ್ಕು ತಿಂಗಳಿಂದ ಹುಣಸೂರಲ್ಲಿ ಅದಕ್ಕೇ ತೋರುಸ್ತಿವ್ನಿ, ಟೈಲರು ಗೀಲರು ಎಲ್ಲ ಸುಳ್ಳು, ಇವತ್ತು ಏನಾರ ಮಾಡ್ಕಂಡಾಳು ಕಣಕ್ಕ, ರಮ್ಯ ಒಬ್ಳೇ ಅವ್ಳೆ, ಓಡಕ್ಕ. ಮೊರ ಬಿದ್ದ ಸದ್ದು, ಕಾಳು ಚೆಲ್ಲಿದ ಸದ್ದು, ಪಾಪಿ, ಮೊದ್ಲೇ ಏಳ್ಬಾರ್ದಿತ್ತೇನೇ ಅಂತ ಏದುಸಿರು, ನನ್ ತಂಗಿನೂ ಇಂಗೇ ಸತ್ತೋದ್ಲು ಕಣೇ, ಯಾರ್ಗೂ ಏಳ್ದಲೆ ಮುಚ್ಚಿಟ್ಟಿದ್ರು, ಮಡಗ್ಬ್ಯಾಡ ಫೋನ, ಓಡ್ತಾವ್ನಿ. ಮೂವತ್ತು ವರ್ಷದ ನೆರೆಮನೆ, ಅವಳಿಗೆ ಒಬ್ಬ ತಂಗಿ ಇದ್ದಳು ಅಂತ ನನಗೆ ಗೊತ್ತೇ ಇರಲಿಲ್ಲ, ಮೂವತ್ತಲ್ಲ, ಇಪ್ಪತ್ತು, ಲೆಕ್ಕ ತಪ್ಪುತ್ತಿದೆ.

ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದೇನೆ, ಮಂಡಿ ನೋವಿನವಳು ಓಡುವ ಸದ್ದು, ಉಸಿರು, ಶಿವನೇ ಶಿವನೇ ಅನ್ನುವುದು, ನಮ್ಮ ಗೇಟು ಕಿರುಗುಟ್ಟಿತು, ನಮ್ಮದೇ, ಜಗಲಿ, ಬಾಗ್ಲು ಹಾಕ್ಯದೆ ಕಣೇ ಒಳಗಿಂದ ಅಂದಳು, ಬಡಿಯುತ್ತಾಳೆ, ರಮ್ಯಾ, ಬಾಗ್ಲು ತಗಿಯವ್ವ, ಬಡಿಯುತ್ತಾಳೆ, ಕಿಟಕಿಗೂ ಬಟ್ಟೆ ಎಳ್ದವ್ಳೆ ಕಣೇ, ಸ್ಪೀಕರ್ ಹಾಕಿವ್ನಿ, ನೀನೇ ಕರಿ, ನೀನೇ ಕರಿಯೇ ಅಂತ ಅಳುತ್ತಾಳೆ. ರಮ್ಯಾ ಅಂತ ಕೂಗಿದೆ, ರಸ್ತೆ ಬದಿಯಲ್ಲಿ, ಟ್ರ್ಯಾಕ್ಟರಿನವನು ಬ್ರೇಕ್ ಹಾಕಿ ನೋಡಿದ, ರಮ್ಯಾ, ನಾನು ಕಣವ್ವ, ಬತ್ತಾ ಇವ್ನಿ, ಊರಿಗೆ ಓಗ್ಲಿಲ್ಲ, ಬತ್ತಾ ಇವ್ನಿ, ಮತ್ತೆ ರಮ್ಯಾ, ಮತ್ತೆ. ಬಾಗಿಲು ಹೇಗಿದೆ ಅಂತ ನೆನಪಿಸಿಕೊಳ್ಳುತ್ತೇನೆ, ಒಳಗಡೆ ಆ ಹಳೆಯ ಕಬ್ಬಿಣದ ಚಿಲಕ, ಸುಮ್ಮನೆ ಎಳೆದರೆ ಬರುವುದಲ್ಲ, ಒಂದು ಕೈಯಲ್ಲಿ ಕದ ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಎತ್ತಿ ಎಳೆಯಬೇಕು, ಕೈಯಲ್ಲಿ ಏನಿದ್ದರೂ ಕೆಳಗಿಡಬೇಕು, ಚೊಂಬಾಗಲಿ ಪೊರಕೆಯಾಗಲಿ ಏನೇ ಆಗಲಿ ಕೆಳಗಿಟ್ಟೇ ತೆಗೆಯಬೇಕು. ಅಮ್ಮ. ಯಾರದು, ಬೀರಮ್ಮನದಲ್ಲ, ನನ್ನದೇ ದನಿ, ನಾನು ಬಾಯಿ ತೆರೆದಿಲ್ಲ. ಅಮ್ಮ, ಬೀರಮ್ಮತ್ತೆಗೆ ಹೇಳಿದೆಯಾ? ಏಳ್ದೆ ಕಣವ್ವ. ಇನ್ಯಾರಿಗೆ? ಶಶಿ ಮೇಡಮ್ಗೆ ಏಳ್ದೆ, ಬಸ್ನೋರ್ಗೆಲ್ಲ ಕೇಳುಸ್ತು. ಕದದ ಆಚೆ ಅವಳು, ಈಚೆ ಬೀರಮ್ಮ, ಇಷ್ಟು ದೂರದಲ್ಲಿ ನಾನು. ಏನಂತ ಹೇಳಿದೆ ಅಮ್ಮ? ರಮ್ಯ ಅಂತ. ನನ್ನ ಮಗಳು ರಮ್ಯ, ಅವಳಿಗೆ ಕಷ್ಟ ಆಗ್ಯದೆ, ಅವಳು ನಂಗೆ ಬೇಕು ಅಂತ. ಬೀರಮ್ಮ ಉಸಿರು ಬಿಡುವುದನ್ನೂ ನಿಲ್ಲಿಸಿದ್ದಾಳೆ, ಆಮೇಲೆ ಏನೋ ನೆಲಕ್ಕೆ ಇಟ್ಟ ಸದ್ದು, ಮೆಲ್ಲಗೆ, ಗಾಜಿನ ಸದ್ದು, ಆಮೇಲೆ ಕದ ಒತ್ತಿದ ಸದ್ದು, ಚಿಲಕ, ಅವಳ ಒಂದು ಕೈ ಕದದ ಮೇಲೆ, ಒಂದು ಕೈ ಚಿಲಕದ ಮೇಲೆ, ಎಳಿ ನನ್ನವ್ವ ಅನ್ನುತ್ತಾಳೆ ಬೀರಮ್ಮ, ಕಬ್ಬಿಣ ಕಿರ್ರೆಂದಿತು, ಬರೀ ಕೈ, ಎರಡೂ ಕೈ, ಕದದ ಮೇಲೊಂದು, ಚಿಲಕದ ಮೇಲೊಂದು, ಎರಡೂ ಬರೀ ಕೈ